ಅಪ್‌ಡೇಟ್: ಅಪ್ಪನ ಎಡಗಿವಿಯ ಮೊರೆತಕ್ಕೆ ಕಾರಣ ಸಿಕ್ಕಿತು

ತುಮಕೂರಿನಿಂದ ಕೇಳಿದ್ದೆನಲ್ಲ, ಅಪ್ಪನಿಗೆ ಎಡಗಿವಿ ಮಾತ್ರ ಮಂದವಾಗಿದೆ, ಸದಾ ಗುಂಯ್‌ಗುಡುತ್ತದೆ, ನಡೆಯುವಾಗ ವಾಲುತ್ತಾರೆ ಎಂದು. ಗುಗ್ಗೆ ತೆಗೆಸಿದೆವು, ಕಿವಿ ಸ್ವಚ್ಛವಾಯಿತು, ಅಷ್ಟೇ. ತಲೆಸುತ್ತಿನ ಮಾತ್ರೆಯಿಂದ ನಿದ್ದೆ ಬಂತು, ವಾಲುವುದು ನಿಲ್ಲಲಿಲ್ಲ.

ಫಲ ಕೊಟ್ಟದ್ದು "ಒಂದೇ ಕಿವಿಯಾದರೆ ಶ್ರವಣ ಪರೀಕ್ಷೆ ಮಾಡಿಸಿ, ಎಂಆರ್‌ಐ ಬೇಕೇ ಎಂದು ಕೇಳಿ" ಎಂದವರ ಸಲಹೆ. ಪರೀಕ್ಷೆಯಲ್ಲಿ ಅಪ್ಪನಿಗೆ ಶಬ್ದವೇನೋ ಕೇಳುತ್ತಿತ್ತು, ಪದಗಳು ತಿಳಿಯುತ್ತಿರಲಿಲ್ಲ. ನರದ ತೊಂದರೆಯ ಸುಳಿವು ಅದಂತೆ. ಮೊದಲು ಮಾಡಿಸಿದ್ದ ಸಿ.ಟಿ. ಸ್ಕ್ಯಾನಿನಲ್ಲಿ ಏನೂ ಇರಲಿಲ್ಲ; ಚಿಕ್ಕ ಗಡ್ಡೆಗಳು ಅದರ ಕಣ್ಣಿಗೆ ಬೀಳದೆ ಹೋಗಬಹುದು. ಗ್ಯಾಡೋಲಿನಿಯಂ (ಗಡ್ಡೆ ಎದ್ದು ಕಾಣುವಂತೆ ಮಾಡುವ ಮದ್ದು) ಚುಚ್ಚಿ ತೆಗೆದ ಎಂಆರ್‌ಐನಲ್ಲಿ ಬೆಳ್ಳಗೆ ಕಾಣಿಸಿತು: ವೆಸ್ಟಿಬ್ಯುಲರ್ ಶ್ವಾನೋಮಾ ಎಂಬ ಗಡ್ಡೆ. ಕ್ಯಾನ್ಸರ್ ಅಲ್ಲ. ಅದನ್ನು ಕೇಳಿದ ಮೇಲೆಯೇ ಅಮ್ಮ ಊಟ ಮಾಡಿದ್ದು.

ನನಗೆ ಅಚ್ಚರಿಯಾದದ್ದು ಬೇರೆ. ಈ ಗಡ್ಡೆ ಹುಟ್ಟುವುದು ಸಮತೋಲನದ ನರದ ಹೊದಿಕೆಯಲ್ಲಿ. ಆದರೂ ಹೆಚ್ಚಿನವರಿಗೆ ಮೊದಲು ಕೆಡುವುದು ಕಿವಿ. ನಿಧಾನವಾಗಿ ಬೆಳೆಯುವುದರಿಂದ ಮಿದುಳು ಸಮತೋಲನವನ್ನು ಹೇಗೋ ಸರಿದೂಗಿಸಿಕೊಳ್ಳುತ್ತದಂತೆ.

ಗಡ್ಡೆ ಚಿಕ್ಕದಾದ್ದರಿಂದ ಸದ್ಯಕ್ಕೆ ಶಸ್ತ್ರಚಿಕಿತ್ಸೆ ಇಲ್ಲ, 6 ತಿಂಗಳ ಬಳಿಕ ಮತ್ತೆ ಎಂಆರ್‌ಐ. ಹೋಗುವವರು ಕ್ರಿಯಾಟಿನಿನ್ (ಮೂತ್ರಪಿಂಡದ ರಕ್ತಪರೀಕ್ಷೆ) ವರದಿ ಜೊತೆಗಿಟ್ಟುಕೊಳ್ಳಿ. ಚುಚ್ಚುಮದ್ದಿಗೆ ಮುಂಚೆ ನಮ್ಮನ್ನು ಕೇಳಿದರು.