ಕೊಹಾ ಓಪ್ಯಾಕ್‌ನಲ್ಲಿ ಓದುಗರ ಅಭಿಪ್ರಾಯಗಳು ಕಾಣಿಸುತ್ತಿಲ್ಲ

ಓದುಮನೆ:
ಮೂರು ವಾರಗಳಿಂದ ಈ ಒಂದು ತೊಂದರೆಯೊಂದಿಗೆ ಹೆಣಗುತ್ತಿದ್ದೇನೆ. ಕೊಹಾ ಎಂಬ ಗ್ರಂಥಾಲಯ ತಂತ್ರಾಂಶ ಬಳಸುವ ನಮ್ಮ ಸಾರ್ವಜನಿಕ ಗ್ರಂಥಾಲಯದ ಆನ್‌ಲೈನ್ ಕ್ಯಾಟಲಾಗ್‌ನಲ್ಲಿ (ಓಪ್ಯಾಕ್) ಸದಸ್ಯರು ಪುಸ್ತಕಗಳಿಗೆ ಅಭಿಪ್ರಾಯ ಬರೆಯಲು, ನಕ್ಷತ್ರ ಕೊಡಲು, ಟ್ಯಾಗ್ (ವಿಷಯ ಸೂಚಿಸುವ ಪದ) ಹಾಕಲು ಅವಕಾಶ ಮಾಡಿದೆವು. ಆದರೆ ಬರೆದ ಅಭಿಪ್ರಾಯಗಳಲ್ಲಿ ಒಂದೂ ಪುಟದಲ್ಲಿ ಕಾಣಿಸುವುದಿಲ್ಲ, ಬರೆದವರು ಕೌಂಟರಿಗೆ ಬಂದು ನನ್ನನ್ನೇ ವಿಚಾರಿಸುತ್ತಾರೆ. ಸೆಟ್ಟಿಂಗ್ ಎಲ್ಲವೂ ಸರಿಯಾಗಿದೆ.

ಸರ್ವರ್‌ಮಿತ್ರ:
ಇದು ಖಂಡಿತವಾಗಿ ಮೆಮ್‌ಕ್ಯಾಶ್‌ಡಿ, ಅಂದರೆ ಮಾಹಿತಿಯನ್ನು ತಾತ್ಕಾಲಿಕವಾಗಿ ಸಂಗ್ರಹಿಸಿಡುವ ಕ್ಯಾಶ್ ತಂತ್ರಾಂಶದ ತೊಂದರೆ. ಅದನ್ನು ಮರುಚಾಲನೆ ಮಾಡಿ.

ಓದುಮನೆ:
ಎರಡು ಬಾರಿ ಮಾಡಿದರೂ ಪ್ರಯೋಜನವಾಗಲಿಲ್ಲ ಸರ್.

ಸರ್ವರ್‌ಮಿತ್ರ:
ಹಾಗಾದರೆ ಸರ್ವರ್‌ನಲ್ಲಿ ಕೊಹಾವನ್ನು ನಡೆಸುವ ಪ್ಲ್ಯಾಕನ್ನೂ ಮರುಚಾಲನೆ ಮಾಡಿ. ನಾನು ಡೇಟಾಬೇಸನ್ನು ಪ್ರತ್ಯೇಕ ಯಂತ್ರದಲ್ಲಿ ಇಟ್ಟ ಮೇಲೆ ಇಂಥ ತೊಂದರೆಯನ್ನು ಕಂಡೇ ಇಲ್ಲ.

ಸೂಚೀಕಾರ:
ಯಂತ್ರದ ಮಾತು ಪಕ್ಕಕ್ಕಿರಲಿ. ಮೇಡಂ, ನಕ್ಷತ್ರಗಳಾದರೂ ಕಾಣಿಸುತ್ತಿವೆಯೇ? ನೀವು ಯಾವ ಲಾಗಿನ್‌ನಿಂದ ನೋಡುತ್ತಿದ್ದೀರಿ?

ಓದುಮನೆ:
ನಕ್ಷತ್ರಗಳು ಕೂಡಲೇ ಕಾಣಿಸುತ್ತವೆ. ನನ್ನದು ಪುಸ್ತಕ ಕೊಡುವ, ಹಿಂಪಡೆಯುವ ಕೌಂಟರ್ ಲಾಗಿನ್. ಇದನ್ನು ಹೇಳಬೇಕೆಂದು ತೋಚಲಿಲ್ಲ.

ಸೂಚೀಕಾರ:
ಹಾಗಿದ್ದರೆ ಕ್ಯಾಶ್ ಕಾರಣವಲ್ಲ. ನಕ್ಷತ್ರಕ್ಕೆ ಯಾರ ಒಪ್ಪಿಗೆಯೂ ಬೇಕಿಲ್ಲ, ಆದರೆ ಕೊಹಾದಲ್ಲಿ ಓದುಗರ ಪ್ರತಿಯೊಂದು ಅಭಿಪ್ರಾಯವನ್ನೂ ಸಿಬ್ಬಂದಿ ಅನುಮೋದಿಸಿದ ಮೇಲೆಯೇ ಅದು ಇತರರಿಗೆ ಕಾಣಿಸುತ್ತದೆ. ಬಾಕಿ ಅಭಿಪ್ರಾಯಗಳ ಸಂಖ್ಯೆ ಸಿಬ್ಬಂದಿ ಮುಖಪುಟದಲ್ಲಿ ಬರುತ್ತದೆಯಾದರೂ, ಅಭಿಪ್ರಾಯ ಪರಿಶೀಲನೆಯ ಅನುಮತಿ ಇಲ್ಲದ ಲಾಗಿನ್‌ಗೆ ಅದು ಕಾಣುವುದಿಲ್ಲ. ಅನುಮತಿ ಇರುವವರಿಂದ ಟೂಲ್ಸ್ ವಿಭಾಗದ ಕಾಮೆಂಟ್ಸ್ ಪುಟ ತೆರೆಸಿ ನೋಡಿ.

ಸರ್ವರ್‌ಮಿತ್ರ:
ಓದುಗರನ್ನು ನಂಬದೆ ಅನುಮೋದನೆ ಏಕೆ? ಅಮೆರಿಕದ ಆನ್ ಆರ್ಬರ್ ಜಿಲ್ಲಾ ಗ್ರಂಥಾಲಯವು 2007ರಲ್ಲಿಯೇ ಟ್ಯಾಗ್, ವಿಮರ್ಶೆಗಳನ್ನು ಕ್ಯಾಟಲಾಗ್‌ಗೆ ತಂದಿತು.

ಸೂಚೀಕಾರ:
ನಂಬಿಕೆಯ ಚರ್ಚೆಗೆ ಬೇರೆ ಎಳೆ ತೆರೆಯಿರಿ. ಸಾರ್ವಜನಿಕ ಸಂಸ್ಥೆಯ ಪುಟದಲ್ಲಿ ಬೈಗುಳ ಬಂದ ದಿನ ಉತ್ತರ ಹೇಳಬೇಕಾದವರು ಕೌಂಟರಿನಲ್ಲಿ ಕುಳಿತವರು.

ಓದುಮನೆ:
ನಮ್ಮ ಮುಖ್ಯ ಗ್ರಂಥಪಾಲಕರ ಲಾಗಿನ್‌ನಲ್ಲಿ ಮೂವತ್ತೆಂಟು ಅಭಿಪ್ರಾಯಗಳು ಕಾದು ಕುಳಿತಿದ್ದವು! ಎಲ್ಲವನ್ನೂ ಓದಿ ಅನುಮೋದಿಸಿದೆವು, ಈಗ ಕಾಣಿಸುತ್ತಿವೆ. ಆದರೆ ‘ಟ್ರೆಕ್ಕಿಂಗ್’ ಎಂಬ ಟ್ಯಾಗ್ ಎರಡು ಸಲ ಬಂದಿದೆ, ಅಕ್ಷರಗಳಲ್ಲಿ ವ್ಯತ್ಯಾಸವೇ ತೋರುವುದಿಲ್ಲ.

ಸೂಚೀಕಾರ:
ಕೆಲವು ಕೀಲಿಮಣೆಗಳು ಕೊನೆಯ ಅರ್ಧಾಕ್ಷರದ ನಂತರ ಕಣ್ಣಿಗೆ ಕಾಣದ ಜೋಡಣೆ ತಡೆಯುವ ಚಿಹ್ನೆಯೊಂದನ್ನು ಸೇರಿಸುತ್ತವೆ, ಆಗ ಗಣಕಕ್ಕೆ ಎರಡೂ ಬೇರೆ ಪದಗಳೇ. ಒಂದನ್ನು ತಿರಸ್ಕರಿಸಿ.

ಓದುಮನೆ:
ಎರಡರಲ್ಲಿ ಯಾವುದಕ್ಕೆ ಆ ಚಿಹ್ನೆ ಅಂಟಿಕೊಂಡಿದೆಯೆಂದು ಪರದೆಯ ಮೇಲೆ ಗುರುತಿಸುವುದು ಹೇಗೆ?