‘ಮೂಗುದನಿ’ ಎಂದರೆ ಯಾವುದು?

ತುಮಕೂರಿನ ಹತ್ತಿರದ ಒಂದು ಅಂಗನವಾಡಿಯಲ್ಲಿ ತಾಯಂದಿರಿಗೆ ಹಂಚಲೆಂದು ಸಿದ್ಧವಾಗಿರುವ ಒಂದು ಪುಟದ ಕರಪತ್ರವನ್ನು, ಕನ್ನಡ ಸರಿಯಾಗಿದೆಯೇ ನೋಡಿಕೊಡಿ ಎಂದು ಕಳೆದ ವಾರ ನನಗೆ ಕೊಟ್ಟರು. ಅದರ ತಲೆಬರಹ ‘ಮಕ್ಕಳ ಮೂಗದನಿ ಹೋಗಲಾಡಿಸಲು ಉಸಿರಾಟದ ವ್ಯಾಯಾಮಗಳು’ ಎಂದಿತ್ತು. ಒಂದು ಕೊಂಬು ಬಿಟ್ಟುಹೋಗಿದೆ ಎಂದುಕೊಂಡು ‘ಮೂಗುದನಿ’ ಎಂದು ತಿದ್ದಿ ಮುಗಿಸಬಹುದಿತ್ತು. ಆದರೆ ಒಳಗಿನ ಸಲಹೆಗಳನ್ನು ಓದುತ್ತ ಹೋದಂತೆ, ಆ ಪದವೇ ಒಂದಕ್ಕೊಂದು ವಿರುದ್ಧವಾದ ಎರಡು ಸ್ಥಿತಿಗಳನ್ನು ಒಂದೇ ಗಂಟಿನಲ್ಲಿ ಕಟ್ಟಿಟ್ಟಿದೆ ಎಂಬ ಅನುಮಾನ ಬಂತು.

ಕೊಂಬಿನ ವಿಷಯವೂ ಸಣ್ಣದಲ್ಲ. ‘ಮೂಗ’ ಸಂಸ್ಕೃತದ ‘ಮೂಕ’ದ ತದ್ಭವ, ಮಾತು ಬಾರದವನೆಂದು ಅದರ ಅರ್ಥ. ‘ಮೂಗು’ ದ್ರಾವಿಡ ಮೂಲದ್ದು, ತಮಿಳಿನ ‘ಮೂಕ್ಕು’ ಮತ್ತು ತೆಲುಗಿನ ‘ಮುಕ್ಕು’ಗಳ ಒಡಹುಟ್ಟು. ಇವೆರಡಕ್ಕೂ ನಂಟಿಲ್ಲ. ಚೆನ್ನಾಗಿಯೇ ಮಾತಾಡುವ ಮಗುವಿನ ತಾಯಿಯ ಕೈಗೆ ‘ಮೂಗದನಿ’ ಎಂದು ಅಚ್ಚಾದ ಕಾಗದ ಕೊಟ್ಟರೆ ಆಕೆಗೆ ಏನನ್ನಿಸೀತು?

ಇನ್ನು ಅರ್ಥದ ತೊಡಕು. ನಮ್ಮ ಕಡೆ ಜನರು ‘ಹುಡುಗ ಮೂಗಿನಲ್ಲಿ ಮಾತಾಡ್ತಾನೆ’ ಎನ್ನುತ್ತಾರೆ. ಪಾವಗಡದ ತೆಲುಗು ಮನೆಗಳಲ್ಲಿ ‘ಮುಕ್ಕುತೋ ಮಾಟ್ಲಾಡತಾಡು’ ಎನ್ನುವುದೂ ಇದನ್ನೇ. ಆದರೆ ಹೀಗೆ ಕರೆಸಿಕೊಳ್ಳುವ ಮಕ್ಕಳಲ್ಲಿ ಎರಡು ಬಗೆಯವರಿದ್ದಾರೆ. ನೆಗಡಿಯಿಂದಲೋ, ಮೂಗಿನ ಹಿಂಭಾಗದ ಅಡಿನಾಯ್ಡ್ ಗ್ರಂಥಿ ಊದಿಕೊಂಡಿರುವುದರಿಂದಲೋ ಮೂಗು ಕಟ್ಟಿಕೊಂಡ ಮಗುವಿಗೆ, ಉಸಿರು ಮೂಗಿಗೆ ಹೋಗಬೇಕಾದ ಅಕ್ಷರಗಳಲ್ಲೂ ಹೋಗುವುದಿಲ್ಲ. ಅದು ‘ಮಳೆ’ ಎಂದರೆ ನಮಗೆ ‘ಬಳೆ’ ಎಂದು ಕೇಳಿಸುತ್ತದೆ, ‘ಮನೆ’ ‘ಬದೆ’ಯಾಗುತ್ತದೆ. ಇನ್ನೊಂದು ಮಗುವಿಗೆ, ಸೀಳು ಅಂಗುಳದಿಂದಲೋ, ಕಿರುನಾಲಿಗೆಯ ಮೇಲಿನ ಮೆದು ಅಂಗುಳ ಹಿಂದಕ್ಕೆ ಸರಿದು ಮೂಗಿನ ದಾರಿಯನ್ನು ಪೂರ್ತಿ ಮುಚ್ಚದಿರುವುದರಿಂದಲೋ, ಹೋಗಬಾರದ ಕಡೆಯಲ್ಲೂ ಉಸಿರು ಮೂಗಿಗೆ ಹೋಗುತ್ತದೆ. ಅದು ‘ಬಳೆ’ ಎಂದರೆ ‘ಮಳೆ’ ಎಂದಂತಿರುತ್ತದೆ. ಒಂದರ ತಪ್ಪು ಇನ್ನೊಂದರ ತಪ್ಪಿನ ತಲೆಕೆಳಗು. ನಾವು ಎರಡನ್ನೂ ‘ಮೂಗುದನಿ’ ಎಂದುಬಿಡುತ್ತೇವೆ.

ವ್ಯತ್ಯಾಸ ತಿಳಿಯಲು ವಾಕ್ ಚಿಕಿತ್ಸಕರು ಬಳಸುವ ಒಂದು ಸರಳ ಕ್ರಮವನ್ನು ಕನ್ನಡಕ್ಕೆ ಹೊಂದಿಸಿ ನೋಡಿದೆ. ‘ಕಾಗೆ ಕಾಳು ಹೆಕ್ಕಿತು’ ಎಂಬ ವಾಕ್ಯದಲ್ಲಿ ಒಂದೂ ಅನುನಾಸಿಕವಿಲ್ಲ, ಅಂದರೆ ಮ, ನಗಳಂತೆ ಉಸಿರು ಮೂಗಿಗೆ ಹೋಗಬೇಕಾದ ಅಕ್ಷರವಿಲ್ಲ. ಮೂಗನ್ನು ಬೆರಳಿನಿಂದ ಹಿಡಿದು ಹೇಳಿಸಿದಾಗ ದನಿ ಬದಲಾದರೆ, ಉಸಿರು ಅದುವರೆಗೆ ಮೂಗಿಗೆ ಸೋರುತ್ತಿತ್ತೆಂದು ಅರ್ಥ. ‘ಅಮ್ಮನ ಮನೆ ಮುಂದೆ ಮಾವಿನ ಮರ’ ಎಂಬುದರಲ್ಲಿ ಅನುನಾಸಿಕಗಳೇ ತುಂಬಿವೆ. ಮೂಗು ಹಿಡಿದರೂ ದನಿ ಬದಲಾಗದಿದ್ದರೆ ಮೂಗು ಮೊದಲೇ ಕಟ್ಟಿತ್ತೆಂದು ತಿಳಿಯಬೇಕು. ಇದು ರೋಗನಿರ್ಣಯವಲ್ಲ, ಅದಕ್ಕೆ ಕಿವಿ, ಮೂಗು, ಗಂಟಲಿನ ವೈದ್ಯರೂ ವಾಕ್ ಚಿಕಿತ್ಸಕರೂ ಇದ್ದಾರೆ, ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ.

ಕರಪತ್ರವು ಈ ಭೇದವನ್ನು ಗಮನಿಸದೆ ಎಲ್ಲರಿಗೂ ದಿನವೂ ಭ್ರಾಮರಿ ಪ್ರಾಣಾಯಾಮ ಮಾಡಿಸಿ, ಬಲೂನು ಊದಿಸಿ ಎಂದು ಹೇಳುತ್ತದೆ. ಭ್ರಾಮರಿಯಲ್ಲಿ ಬಾಯಿ ಮುಚ್ಚಿರುತ್ತದೆ, ಝೇಂಕಾರವೆಲ್ಲ ಮೂಗಿನಿಂದಲೇ ಹೊರಡುತ್ತದೆ. ಮೂಗು ಕಟ್ಟಿದ ಮಗುವಿಗೆ ಅದು ಸಾಧ್ಯವಾಗುವುದೇ ಕಷ್ಟ. ಉಸಿರು ಸೋರುವ ಮಗುವಿಗೆ ಮೂಗಿನ ದಾರಿ ಮುಚ್ಚುವುದನ್ನು ಅದು ಕಲಿಸುವುದಿಲ್ಲ. ಬಲೂನಿನ ಸಲಹೆ ಮೇಲುನೋಟಕ್ಕೆ ಸರಿಯೆನ್ನಿಸಿದರೂ, ಊದುವಾಗ ಅಂಗುಳ ಮುಚ್ಚಿಕೊಳ್ಳುವ ಬಗೆ ಬೇರೆ, ಮಾತಾಡುವಾಗಿನ ಬಗೆ ಬೇರೆ. ಆದ್ದರಿಂದ ಬಲೂನನ್ನು ಚೆನ್ನಾಗಿ ಊದುವ ಮಗುವಿನ ಮಾತು ಹಾಗೆಯೇ ಉಳಿಯಬಹುದು. ಅಂಗುಳದ ರಚನೆಯಲ್ಲೇ ಕೊರತೆಯಿದ್ದರೆ ಅದನ್ನು ಶಸ್ತ್ರಚಿಕಿತ್ಸೆಯಿಂದ ಸರಿಪಡಿಸಬೇಕಾಗುತ್ತದೆಯೇ ಹೊರತು ವ್ಯಾಯಾಮ ಅದನ್ನು ತುಂಬಿಕೊಡಲಾರದು. ಆದರೂ ಉಸಿರಾಟದ ಮೇಲೆ ನಮಗಿರುವ ನಂಬಿಕೆಗೆ ಭಾಷೆಯೂ ಒಂದಿಷ್ಟು ಕಾರಣವಿರಬಹುದು: ‘ಉಸುರಿದನು’ ಎಂದರೆ ಹೇಳಿದನು, ‘ಉಸಿರೆತ್ತಲಿಲ್ಲ’ ಎಂದರೆ ಮಾತೇ ಆಡಲಿಲ್ಲ. ಉಸಿರನ್ನೂ ಮಾತನ್ನೂ ಒಂದೇ ಎಂದು ಭಾವಿಸಿದ ನುಡಿಯವರಿಗೆ ಉಸಿರು ತಿದ್ದಿದರೆ ಮಾತೂ ತಿದ್ದೀತು ಅನ್ನಿಸುವುದು ಸಹಜ.

ಈಗ ನನ್ನ ಪ್ರಶ್ನೆ: ಈ ಎರಡು ಸ್ಥಿತಿಗಳನ್ನು ತಾಯಂದಿರಿಗೆ ತಿಳಿಯುವಂತೆ ಏನೆಂದು ಕರೆಯಬೇಕು? ಒಬ್ಬರು ಸೂಚಿಸಿದ ‘ಅನುನಾಸಿಕ ಮಾತು’ ನನಗೆ ಒಪ್ಪಿಗೆಯಿಲ್ಲ, ಏಕೆಂದರೆ ಅನುನಾಸಿಕವೆಂಬುದು ವರ್ಗದ ಐದನೆಯ ಅಕ್ಷರಗಳ ಸಹಜ ಗುಣವೇ ಹೊರತು ದೋಷವಲ್ಲ. ‘ಅತಿನಾಸಿಕತೆ’, ‘ಅಲ್ಪನಾಸಿಕತೆ’ ಎಂಬವು ವೈದ್ಯಕೀಯ ಬರವಣಿಗೆಗೆ ಸಲ್ಲಬಹುದು, ಅಂಗನವಾಡಿಯ ತಾಯಂದಿರಿಗೆ ಸಲ್ಲವು. ‘ಮೂಗಿಗೆ ಸೋರುವ ಮಾತು’ ಎಂದು ಬರೆದು ನೋಡಿ ಅಳಿಸಿದೆ. ‘ಮೂಗು ಸೋರುವುದು’ ಎಂದೊಡನೆ ಎಲ್ಲರ ಮನಸ್ಸೂ ನೆಗಡಿಯತ್ತ ಓಡುತ್ತದೆ, ಅಂದರೆ ಸರಿಯಾಗಿ ವಿರುದ್ಧ ದಿಕ್ಕಿಗೆ. ಸದ್ಯಕ್ಕೆ ‘ಮೂಗು ಕಟ್ಟಿದ ಮಾತು’ ಮತ್ತು ‘ಮೂಗಿಗೆ ಹೋಗುವ ಮಾತು’ ಎಂಬ ಜೋಡಿ ನನಗೆ ಹಿಡಿಸಿದೆ, ಆದರೆ ಎರಡನೆಯದು ಇನ್ನೂ ಸೊಟ್ಟಗೆ ಕೇಳುತ್ತದೆ. ಕೋಲಾರ, ಚಿಂತಾಮಣಿ, ಶಿರಾ ಕಡೆಯ ಮನೆಮಾತಿನಲ್ಲಿ ಈ ಎರಡಕ್ಕೆ ಬೇರೆ ಬೇರೆ ಪದಗಳಿವೆಯೇ, ‘ಮೂಗಿನಲ್ಲಿ’ ಮತ್ತು ‘ಮೂಗಿನಿಂದ’ ಎಂಬ ವಿಭಕ್ತಿಗಳಲ್ಲಾದರೂ ಯಾರಾದರೂ ಭೇದ ಮಾಡುತ್ತಾರೆಯೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು. ಕರಪತ್ರದ ತಲೆಬರಹದ ಜಾಗವನ್ನು ಅಲ್ಲಿಯವರೆಗೆ ಖಾಲಿ ಬಿಟ್ಟಿದ್ದೇನೆ.