ಘನ ಸೆಂಟಿಮೀಟರ್‌ನಿಂದ ಘನ ಮೀಟರ್‌ಗೆ: ಭಾಗಿಸಬೇಕಾದದ್ದು ಎಷ್ಟರಿಂದ?

ಪ್ರಶ್ನೆ: ಗುರುಗಳೇ, ನಮಸ್ಕಾರ. ಒಂದು ಆಯತಾಕಾರದ ತೊಟ್ಟಿಯ ಒಳ ಅಳತೆಗಳು 150 ಸೆಂ.ಮೀ. ಉದ್ದ, 80 ಸೆಂ.ಮೀ. ಅಗಲ ಮತ್ತು 60 ಸೆಂ.ಮೀ. ಆಳ. ಮೂರನ್ನೂ ಗುಣಿಸಿದಾಗ 7,20,000 ಘನ ಸೆಂಟಿಮೀಟರ್ ಬಂತು. ಮೀಟರ್‌ಗೆ 100 ಸೆಂಟಿಮೀಟರ್ ಆದ್ದರಿಂದ 100ರಿಂದ ಭಾಗಿಸಿದರೆ 7,200 ಘನ ಮೀಟರ್ ಆಗುತ್ತದೆ. ಅಳತೆಗಳನ್ನು ಮೊದಲೇ ಮೀಟರ್‌ಗೆ ಬದಲಿಸಿಕೊಂಡು ಗುಣಿಸಿದರೆ 0.72 ಮಾತ್ರ ಬರುತ್ತದೆ. ಇವೆರಡರಲ್ಲಿ ಯಾವುದು ಸರಿ? ತೊಟ್ಟಿಯಲ್ಲಿ ಎಷ್ಟು ಲೀಟರ್ ನೀರು ಹಿಡಿಯುತ್ತದೆ?

ಉತ್ತರ (ಭೌತಶಾಸ್ತ್ರ ಅಧ್ಯಾಪಕರು): ನಮಸ್ಕಾರ. 0.72 ಘನ ಮೀಟರ್ ಎಂಬುದೇ ಸರಿ. ತೊಟ್ಟಿಯಲ್ಲಿ 720 ಲೀಟರ್ ನೀರು ಹಿಡಿಯುತ್ತದೆ.

100 ಎಂಬುದು ಉದ್ದಕ್ಕೆ ಸಲ್ಲುವ ಸಂಖ್ಯೆ. ಪ್ರತಿ ಬದಿಯೂ ಒಂದು ಮೀಟರ್ ಇರುವ ಪೆಟ್ಟಿಗೆಯೊಳಗೆ ಒಂದು ಸೆಂಟಿಮೀಟರ್ ಬದಿಯ ಘನಗಳನ್ನು ಜೋಡಿಸುತ್ತ ಹೋದರೆ ಒಂದು ಸಾಲಿಗೆ 100 ಘನಗಳು, ಅಂತಹ 100 ಸಾಲುಗಳು ಸೇರಿದ ಒಂದು ಪದರಕ್ಕೆ 10,000, ಪೆಟ್ಟಿಗೆ ತುಂಬಲು ಬೇಕಾದ 100 ಪದರಗಳಿಗೆ 10,00,000 ಘನಗಳು ಬೇಕಾಗುತ್ತವೆ. ಆದ್ದರಿಂದ ನೀವು ಭಾಗಿಸಬೇಕಾದದ್ದು ಹತ್ತು ಲಕ್ಷದಿಂದ. ಇದೇ ರೀತಿಯಲ್ಲಿ ಒಂದು ಘನ ಸೆಂಟಿಮೀಟರ್‌ಗೆ 1,000 ಘನ ಮಿಲಿಮೀಟರ್.

ಲೀಟರ್‌ನ ವಿಷಯದಲ್ಲಿ ಹೀಗಾಗುವುದಿಲ್ಲ, ಹೆಚ್ಚಿನ ಗೊಂದಲ ಹುಟ್ಟುವುದೂ ಇಲ್ಲಿಯೇ. ಲೀಟರ್ ತಾನೇ ಗಾತ್ರದ ಮಾನವಾದ್ದರಿಂದ ಅದರ ಮುಂದಿರುವ ಮಿಲಿ, ಸೆಂಟಿ, ಕಿಲೊಗಳನ್ನು ಮೂರು ಸಲ ಗುಣಿಸುವ ಪ್ರಶ್ನೆಯೇ ಬರುವುದಿಲ್ಲ. ಸೆಂಟಿಲೀಟರ್ ಎಂದರೆ ಲೀಟರ್‌ನ ನೂರನೆಯ ಒಂದು ಭಾಗ, ಅಷ್ಟೇ. ಹೀಗಾಗಿ ಒಂದು ಮಿಲಿಲೀಟರ್ ಒಂದು ಘನ ಸೆಂಟಿಮೀಟರ್‌ಗೆ, ಅಂದರೆ ಬಳಕೆಯ ಮಾತಿನ ಒಂದು ಸಿಸಿಗೆ, ಸಮವಾದರೆ ಒಂದು ಸೆಂಟಿಲೀಟರ್ ಹತ್ತು ಸಿಸಿಗೆ ಸಮ. ಹೆಸರಿನಲ್ಲಿ ಎರಡೂ ಕಡೆ ‘ಸೆಂಟಿ’ ಇದೆಯೆಂದು ಅವನ್ನು ಒಂದೆಂದು ಎಣಿಸಬಾರದು. ಒಂದು ಕಿಲೊಲೀಟರ್ ಒಂದು ಘನ ಮೀಟರ್‌ಗೆ ಸಮ.

ಲೀಟರ್‌ನಲ್ಲೇ ಉತ್ತರ ಬೇಕಿದ್ದಾಗ ಅಳತೆಗಳನ್ನು ಡೆಸಿಮೀಟರ್‌ಗೆ (ಒಂದು ಡೆಸಿಮೀಟರ್ ಎಂದರೆ 10 ಸೆಂ.ಮೀ.) ಬದಲಿಸಿಕೊಳ್ಳುವುದು ನನ್ನ ದೃಷ್ಟಿಯಲ್ಲಿ ಅತ್ಯಂತ ಸುರಕ್ಷಿತವಾದ ದಾರಿ, ಏಕೆಂದರೆ ಒಂದು ಘನ ಡೆಸಿಮೀಟರ್ ಎಂದರೆ ಒಂದು ಲೀಟರ್. ನಿಮ್ಮ ತೊಟ್ಟಿಗೆ 15 × 8 × 6 = 720 ಎಂದು ಉತ್ತರ ನೇರವಾಗಿ ಸಿಗುತ್ತದೆ, ಸೊನ್ನೆಗಳನ್ನು ಎಣಿಸುವ ಕಷ್ಟವಿಲ್ಲ. ಡೆಸಿಮೀಟರನ್ನು ಶಾಲೆಯ ನಂತರ ನಾವು ಮರೆತೇಬಿಡುವುದು ಬೇಸರದ ಸಂಗತಿ.

ಮರುಪ್ರಶ್ನೆ (ಇನ್ನೊಬ್ಬ ಸದಸ್ಯರಿಂದ): ಹಳೆಯ ಪುಸ್ತಕವೊಂದರಲ್ಲಿ ಒಂದು ಲೀಟರ್ 1.000028 ಘನ ಡೆಸಿಮೀಟರ್‌ಗೆ ಸಮ ಎಂದಿದೆ. ಅದು ಅಚ್ಚಿನ ತಪ್ಪೇ, ಸರ್?

ಉತ್ತರ: ತಪ್ಪಲ್ಲ, ಆ ಕಾಲಕ್ಕೆ ಅದೇ ಸರಿಯಾಗಿತ್ತು. 1901ರಲ್ಲಿ ತೂಕ ಮತ್ತು ಅಳತೆಗಳ ಅಂತರರಾಷ್ಟ್ರೀಯ ಮಹಾಸಮ್ಮೇಳನವು ಗರಿಷ್ಠ ಸಾಂದ್ರತೆಯಲ್ಲಿರುವ ಒಂದು ಕಿಲೋಗ್ರಾಂ ಶುದ್ಧ ನೀರು ಸಾಮಾನ್ಯ ವಾಯುಭಾರದಲ್ಲಿ ಆಕ್ರಮಿಸುವ ಗಾತ್ರವನ್ನೇ ಲೀಟರ್ ಎಂದು ನಿಗದಿಪಡಿಸಿತ್ತು, ಮತ್ತು ಆ ಗಾತ್ರ ಘನ ಡೆಸಿಮೀಟರ್‌ಗಿಂತ ಕೂದಲೆಳೆಯಷ್ಟು ಹೆಚ್ಚಾಗಿತ್ತು. 1964ರಲ್ಲಿ ಅದೇ ಸಮ್ಮೇಳನ ಆ ವ್ಯಾಖ್ಯೆಯನ್ನು ರದ್ದುಪಡಿಸಿ, ಲೀಟರ್ ಎಂಬುದು ಘನ ಡೆಸಿಮೀಟರ್‌ಗೆ ಇರುವ ವಿಶೇಷ ಹೆಸರು ಎಂದು ಘೋಷಿಸಿತು. ಜೊತೆಗೆ ಅತಿ ನಿಖರವಾದ ಅಳತೆಗಳ ಫಲಿತಾಂಶವನ್ನು ಲೀಟರ್‌ನಲ್ಲಿ ಕೊಡಬಾರದೆಂದೂ ಶಿಫಾರಸು ಮಾಡಿತು. ಮೇಲಿನ 720 ಲೀಟರ್‌ನ ತೊಟ್ಟಿಯಲ್ಲಿ ಈ ಎರಡು ವ್ಯಾಖ್ಯೆಗಳ ನಡುವಿನ ವ್ಯತ್ಯಾಸ ಸುಮಾರು 20 ಮಿಲಿಲೀಟರ್ ಮಾತ್ರ. ಆದರೆ 1964ಕ್ಕಿಂತ ಹಿಂದಿನ ಸಾಂದ್ರತೆಯ ಕೋಷ್ಟಕಗಳನ್ನು ಬಳಸುವವರು ಅಲ್ಲಿನ ಲೀಟರ್ ಯಾವುದೆಂದು ಮೊದಲು ನೋಡಿಕೊಳ್ಳಬೇಕು.